ಹರಾಜಿನಲ್ಲಿ ಸಿಕ್ಕ ಎರಡು ಹಾಲ್ ಕುರ್ಚಿ: ಮಾಡಿದವರು ಯಾರು ಅಂತ ತಿಳಿಯುವುದು ಹೇಗೆ?

ಲ್ಯಾಂಕಾಸ್ಟರ್‌ವಾಸಿ

ಎಲ್ಲರಿಗೂ ನಮಸ್ಕಾರ. ನನ್ನ ಊರು ತೀರ್ಥಹಳ್ಳಿ ಕಡೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್‌ಗೆ ಬಂದು 11 ವರ್ಷ ಆಯಿತು. ಹೋದ ತಿಂಗಳು ಇಲ್ಲಿ ಒಂದು ಹರಾಜಿನಲ್ಲಿ ಜೋಡಿ ಕುರ್ಚಿ ತಗೊಂಡೆ. ಮಹಾಗನಿ ಮರ. ಬೆನ್ನಿನ ಹಲಗೆಯನ್ನು ಸಮುದ್ರದ ಚಿಪ್ಪಿನ ಹಾಗೆ ಕೆತ್ತಿದ್ದಾರೆ. ಚಿಪ್ಪಿನ ನಡುವೆ ಕೋಳಿಮೊಟ್ಟೆ ಆಕಾರದ ಒಂದು ಜಾಗ. ಅದರಲ್ಲಿ ಬಣ್ಣದಲ್ಲಿ ಬರೆದ ಹಕ್ಕಿಯ ತಲೆ, ಅರ್ಧ ಮಾಸಿದೆ. ಕೂರುವ ಜಾಗ ಬರೀ ಹಲಗೆ, ದಿಂಬು ಗಿಂಬು ಏನೂ ಇಲ್ಲ. ನಡುವೆ ಊಟದ ತಟ್ಟೆಯಷ್ಟು ತಗ್ಗು ಇದೆ. ಹತ್ತು ನಿಮಿಷ ಕೂತರೆ ಬೆನ್ನು ಹಿಡಿದುಕೊಳ್ಳುತ್ತದೆ.

ಹರಾಜಿನ ಪಟ್ಟಿಯಲ್ಲಿ ‘ಗಿಲ್ಲೋ ಕಂಪನಿಯ ಹಾಲ್ ಕುರ್ಚಿ, ಸುಮಾರು 1810’ ಅಂತ ಇತ್ತು. ಗಿಲ್ಲೋ ಅಂದರೆ ಈ ಊರಿನ ಹಳೆಯ ಪೀಠೋಪಕರಣ ಕಂಪನಿ. ಮನೆಗೆ ತಂದು ಹುಡುಕಿದರೆ ಎಲ್ಲೂ ಮುದ್ರೆ ಇಲ್ಲ. ಯಾವ ಆಧಾರದ ಮೇಲೆ ಹಾಗೆ ಬರೆದಿರಿ ಅಂತ ಕೇಳಿದೆ. ಇನ್ನೂ ಉತ್ತರ ಬಂದಿಲ್ಲ. ದುಡ್ಡಿನ ಚಿಂತೆ ನನಗಿಲ್ಲ. ಆದರೆ ದಿನಾ ಬಾಗಿಲು ತೆಗೆದ ಕೂಡಲೇ ಇವು ಕಣ್ಣಿಗೆ ಬೀಳುತ್ತವೆ. ಯಾರ ಕೈ ಕೆಲಸ ಇದು ಅಂತ ತಿಳಿಯಬೇಕು ಅನ್ನಿಸುತ್ತದೆ. ಗೊತ್ತಿದ್ದವರು ದಾರಿ ಹೇಳಿ.

ಹಳೇಸಾಮಾನು_ಮೈಸೂರು

ಸಾರ್, ಫೋಟೋ ನೋಡಿದೆ. ತುಂಬಾ ಚೆನ್ನಾಗಿವೆ. ಮೊದಲು ಬೆನ್ನು ನೋವಿನ ವಿಷಯ ಹೇಳಿಬಿಡುತ್ತೇನೆ. ಅದು ಮಾಡಿದವನ ತಪ್ಪಲ್ಲ. ಆ ಕುರ್ಚಿ ಸುಖವಾಗಿ ಕೂರಲಿ ಅಂತ ಮಾಡಿದ್ದೇ ಅಲ್ಲ.

ದೊಡ್ಡ ಮನೆಗಳ ಮುಂಬಾಗಿಲು ದಾಟಿದ ಕೂಡಲೇ ಒಂದು ಹಾಲ್ ಇರುತ್ತಿತ್ತು. ನಮ್ಮ ಹಳೆಯ ಮಾತಿನಲ್ಲಿ ಮೊಗಸಾಲೆ. ಅಲ್ಲಿ ಗೋಡೆಗೆ ಒರಗಿಸಿ ಈ ಕುರ್ಚಿಗಳನ್ನು ಸಾಲಾಗಿ ಇಡುತ್ತಿದ್ದರು. ಮನೆಯವರಿಗೆ ಇದರಲ್ಲಿ ಕೂರುವ ಪ್ರಮೇಯವೇ ಬರುತ್ತಿರಲಿಲ್ಲ. ಬೇಕಾದ ನೆಂಟರು ನೇರ ಒಳಗೆ ಹೋಗುತ್ತಿದ್ದರು. ಕಾಗದ ತಂದ ಆಳು, ಬಾಕಿ ಕೇಳಲು ಬಂದ ಅಂಗಡಿಯವನು, ಕೆಲಸ ಕೇಳಿಕೊಂಡು ಬಂದವನು ಇಲ್ಲಿ ಕೂತು ಕಾಯಬೇಕಿತ್ತು. ಮಳೆಯಲ್ಲಿ ನೆನೆದು, ಕಾಲಿಗೆ ಕೆಸರು ಮೆತ್ತಿಕೊಂಡು ಬಂದವರು. ಹಲಗೆಯಾದರೆ ಒರೆಸಿದರೆ ಆಯಿತು, ಬಟ್ಟೆಯ ಹೊದಿಕೆ ಹಾಳಾಗುತ್ತದೆ ಅಲ್ವಾ? 1803ರಲ್ಲಿ ಥಾಮಸ್ ಶೆರಟನ್ ತಮ್ಮ ಪೀಠೋಪಕರಣ ನಿಘಂಟಿನಲ್ಲಿ ಇದೇ ಅರ್ಥ ಕೊಟ್ಟಿದ್ದಾರೆ: ಆಳುಗಳೂ ಕೆಲಸದ ಮೇಲೆ ಬಂದ ಅಪರಿಚಿತರೂ ಕಾಯುತ್ತಾ ಕೂರುವ ಕುರ್ಚಿ.

ಹಾಗಾದರೆ ಇಷ್ಟು ಚಂದದ ಕೆತ್ತನೆ ಯಾಕೆ? ಕೂತವನಿಗಾಗಿ ಅಲ್ಲ, ಒಳಗೆ ಬರುವಾಗ ನೋಡುವವರಿಗಾಗಿ. ನಿಮ್ಮ ಕುರ್ಚಿಯ ಹಕ್ಕಿಯ ತಲೆ ಆ ಮನೆತನದ ಲಾಂಛನ. ಮನೆಗೆ ಕಾಲಿಟ್ಟವರಿಗೆ ಮೊದಲು ಕಾಣಬೇಕಾದದ್ದು ಅದೇ.

ಮೂಲ ಇಟಲಿಯದು. 16ನೇ ಶತಮಾನದಲ್ಲಿ ಅಲ್ಲಿನ ಅರಮನೆಗಳಲ್ಲಿ ಸ್ಗಾಬೆಲ್ಲೊ ಅನ್ನುವ ಕುರ್ಚಿ ಇತ್ತು. ನಾಲ್ಕು ಕಾಲಿನ ಬದಲು ಮುಂದೊಂದು ಹಿಂದೊಂದು ಕೆತ್ತಿದ ಹಲಗೆ, ಮೇಲೆ ಸಣ್ಣ ಪೀಠ, ಕಿರಿದಾದ ಬೆನ್ನು. 17ನೇ ಶತಮಾನದ ಮೊದಲ ಭಾಗದಲ್ಲಿ ಅದು ಇಂಗ್ಲೆಂಡಿಗೆ ಬಂತು. ಲಂಡನ್ನಿನ ಹಾಲೆಂಡ್ ಹೌಸ್‌ನಲ್ಲಿದ್ದ ಚಿಪ್ಪಿನ ಬೆನ್ನಿನ ಕುರ್ಚಿಗಳು ಹೆಸರುವಾಸಿ. ಅವುಗಳ ವಿನ್ಯಾಸ ಫ್ರಾನ್ಸಿಸ್ ಕ್ಲೈನ್ ಅವರದ್ದು ಅಂತ ಬಲ್ಲವರು ಹೇಳುತ್ತಾರೆ. ಕ್ಲೈನ್ ಜರ್ಮನಿಯ ರೋಸ್ಟಾಕ್‌ನಲ್ಲಿ ಹುಟ್ಟಿದವರು, ಮಾರ್ಟ್‌ಲೇಕ್‌ನಲ್ಲಿ ಚಿತ್ರದ ಪರದೆ ನೇಯುವ ಕಾರ್ಖಾನೆಗೆ ನಕ್ಷೆ ಬರೆಯುತ್ತಿದ್ದರು. ಸುಮಾರು ಇನ್ನೂರು ವರ್ಷ ಆದಮೇಲೆ ನಿಮ್ಮ ಕುರ್ಚಿಯಲ್ಲೂ ಅದೇ ಚಿಪ್ಪು!

ನಡುವೆ ಲಂಡನ್ನಿನ ಪೀಠೋಪಕರಣ ತಯಾರಕ ಚಿಪ್ಪೆಂಡೇಲ್ ಬರುತ್ತಾರೆ. 1754ರಲ್ಲಿ ಅವರ ನಕ್ಷೆಗಳ ದೊಡ್ಡ ಪುಸ್ತಕ ಬಂತು. 1762ರ ಮೂರನೇ ಮುದ್ರಣದಲ್ಲಿ ಹಾಲ್ ಕುರ್ಚಿಗಳ ನಕ್ಷೆಗಳಿವೆ. ಅಲ್ಲಿಂದ ಮುಂದೆ ಊರೂರಿನ ಬಡಗಿಗಳು ಆ ಪುಸ್ತಕ ನೋಡಿ ಮಾಡಿದರು. ಆದ್ದರಿಂದ ನಕ್ಷೆ ನೋಡಿ ಮಾಡಿದವರ ಹೆಸರು ಹೇಳುವುದು ಕಷ್ಟ. ಹರಾಜಿನವರು ಚಿಪ್ಪು ನೋಡಿದರು, ಊರು ನೋಡಿದರು, ಗಿಲ್ಲೋ ಅಂದರು ಅಂತ ಕಾಣುತ್ತದೆ.

ಜಗಲಿ_ಮೇಲೆ

ನಾನೂ ತೀರ್ಥಹಳ್ಳಿಯವಳೇ ಅಣ್ಣ. ಹಳೇಸಾಮಾನು ಅವರು ಬರೆದದ್ದು ಓದಿ ನಮ್ಮ ಮನೆಯ ಜಗಲಿ ನೆನಪಾಯಿತು. ನಮ್ಮಲ್ಲೂ ಬಂದವರು ಎಲ್ಲಿಯವರೆಗೆ ಬರಬಹುದು ಅನ್ನುವುದು ಮನೆ ಕಟ್ಟಿದ ರೀತಿಯಲ್ಲೇ ಇತ್ತು. ಅಂಗಳಕ್ಕೆ ನಿಲ್ಲುವವರು, ಜಗಲಿ ತನಕ ಬರುವವರು, ಒಳಗೆ ಬರುವವರು. ಜಗಲಿಗೆ ಬರುವವರಲ್ಲೂ ಯಾರಿಗೆ ಚಾಪೆ, ಯಾರಿಗೆ ಬರೀ ನೆಲ ಅಂತ ಇತ್ತು. ಅಜ್ಜಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿರುತ್ತಿತ್ತು. ನಮ್ಮ ಜಗಲಿಯ ಕಂಬಗಳಲ್ಲೂ ಕೆತ್ತನೆ ಇದೆ. ಒಳಗಿನ ಕಂಬಗಳಲ್ಲಿ ಅಷ್ಟಿಲ್ಲ. ಯಾಕೆ ಅಂತ ಇವತ್ತು ಹೊಳೆಯಿತು.

ಒಂದು ಪ್ರಶ್ನೆ. ಅಷ್ಟು ಹೊತ್ತು ಕಾಯುತ್ತಾ ಕೂತವರ ಗುರುತು ಕುರ್ಚಿಯಲ್ಲಿ ಏನಾದರೂ ಉಳಿದಿರುತ್ತದಾ?

ಶಿರಸಿ_ಉಳಿ

ಉಳಿದಿರುತ್ತದೆ ಅಕ್ಕ. ನಮ್ಮದು ಗುಡಿಗಾರರ ಮನೆ. ಅಜ್ಜ ಶ್ರೀಗಂಧದ ಕೆಲಸದವರು, ಮದುವೆ ಕಾಲ ಬಂದರೆ ಬೆಂಡಿನ ಬಾಸಿಂಗ. ನಾನು ಈಗ ಹಳೆಯ ಮರದ ಸಾಮಾನು ರಿಪೇರಿ ಮಾಡುತ್ತೇನೆ. ಇಂಗ್ಲಿಷ್ ಕುರ್ಚಿಗಳೂ ಕೈಗೆ ಬಂದಿವೆ, ಎಸ್ಟೇಟ್ ಬಂಗಲೆಗಳಿಂದ.

ಕಾಯುವವರು ಹಿಮ್ಮಡಿಯನ್ನು ಮುಂದಿನ ಕಾಲಿಗೆ ಒತ್ತಿ ಕೂರುತ್ತಾರೆ. ಅಲ್ಲಿ ಮೂಲೆ ಸವೆದು ದುಂಡಾಗಿರುತ್ತದೆ. ಹಲಗೆಯ ಮುಂದಿನ ಅಂಚನ್ನು ಕೈಯಲ್ಲಿ ಹಿಡಿದು ಕೂರುತ್ತಾರೆ. ಅದರ ಕೆಳಬದಿಗೆ ಬೆರಳು ಹಾಕಿ ನೋಡಿ. ನುಣ್ಣಗಿರುತ್ತದೆ. ಸವೆತ ಹೀಗೆ ಅರ್ಥ ಇರುವ ಜಾಗದಲ್ಲಿ ಇದ್ದರೆ ನಿಜವಾದದ್ದು. ಎಲ್ಲಾ ಕಡೆ ಒಂದೇ ಸಮ ಸವೆದಿದ್ದರೆ ಯಾರೋ ಮರಳು ಕಾಗದದಲ್ಲಿ ಉಜ್ಜಿದ್ದಾರೆ.

ಲ್ಯಾಂಕಾಸ್ಟರ್ ಅಣ್ಣ, ಕುರ್ಚಿಯನ್ನು ಕಂಬಳಿ ಮೇಲೆ ತಲೆಕೆಳಗು ಮಾಡಿ ಮಲಗಿಸಿ. ಮುಖ ಯಜಮಾನನದು, ತಳ ಕೆಲಸಗಾರನದು. ಮೇಲೆ ಪಾಲಿಶ್ ಇರುತ್ತದೆ, ತಳದಲ್ಲಿ ಕೈ ಕಾಣುತ್ತದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ ಏನೂ ಕಾಣಲ್ಲ.

ಕೀಸುಳಿ ಹೊಡೆದ ಸಣ್ಣ ಸಣ್ಣ ಉಬ್ಬು ತಗ್ಗು ಬೆರಳಿಗೆ ಸಿಕ್ಕಿದರೆ ಕೈ ಕೆಲಸ. ಕಮಾನಿನಂತೆ ಬಾಗಿದ ಗೆರೆಗಳು ಒಂದೇ ಅಂತರದಲ್ಲಿದ್ದರೆ ಚಕ್ರದ ಗರಗಸದಲ್ಲಿ ಸೀಳಿದ್ದು, ಅಂದರೆ ಹೆಚ್ಚಿನಂಶ ಆಮೇಲಿನದು. ಎಲ್ಲಾದರೂ ತಿರುಪು ಸಡಿಲ ಇದ್ದರೆ ಮೆಲ್ಲಗೆ ಒಂದನ್ನು ಬಿಚ್ಚಿ. ತುದಿ ಮೊಂಡಾಗಿದ್ದು ಸುರುಳಿ ಏರುಪೇರಾಗಿದ್ದರೆ ಹಳೆಯದು. ಚೂಪು ತುದಿಯ ತಿರುಪು ಬಳಕೆಗೆ ಬಂದದ್ದು 19ನೇ ಶತಮಾನದ ನಡುವೆ. ಆದರೆ ತಿರುಪು ಬದಲಾಯಿಸಿರಬಹುದು, ಅದೊಂದನ್ನೇ ನಂಬಬೇಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇದು. ಆ ತಟ್ಟೆಯಂಥ ತಗ್ಗು ಇದೆಯಲ್ಲ, ಅದನ್ನು ಲೇತ್‌ನಲ್ಲಿ ತಿರುಗಿಸಿ ಕಡೆದಿದ್ದರೆ ಅವತ್ತು ಸರಿಯಾದ ವೃತ್ತವೇ ಆಗಿತ್ತು. ಮರ ಒಣಗುತ್ತಾ ಅಡ್ಡಕ್ಕೆ ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಕುಗ್ಗುವುದೇ ಇಲ್ಲ ಅನ್ನಬಹುದು. ಇನ್ನೂರು ವರ್ಷದಲ್ಲಿ ವೃತ್ತ ಸ್ವಲ್ಪ ಚಪ್ಪಟೆ ಆಗಿರಬೇಕು. ಎರಡೂ ಕಡೆ ಅಳೆದು ಹೇಳಿ. ಇದನ್ನು ಯಾವ ಮೋಸಗಾರನೂ ಸುಲಭಕ್ಕೆ ಮಾಡಲಾರ.

ಲ್ಯಾಂಕಾಸ್ಟರ್‌ವಾಸಿ

ಅಣ್ಣ, ನೀವು ಹೇಳಿದ ಹಾಗೇ ಮಾಡಿದೆ. ರಾತ್ರಿ ಹತ್ತೂವರೆಗೆ ದೀಪ ಆರಿಸಿ, ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿ ನೋಡಿದೆ.

ತಗ್ಗಿನ ಅಳತೆ ಎಳೆಯ ಉದ್ದಕ್ಕೆ 280 ಮಿಲಿಮೀಟರ್, ಅಡ್ಡಕ್ಕೆ 276. ಇನ್ನೊಂದು ಕುರ್ಚಿಯಲ್ಲಿ 280 ಮತ್ತು 277. ತಳದಲ್ಲಿ ಕೀಸುಳಿಯ ಅಲೆಗಳು ಚೆನ್ನಾಗಿ ಸಿಗುತ್ತವೆ. ಮುಂದಿನ ಅಂಚಿನ ಕೆಳಗೆ ನಾಲ್ಕು ಬೆರಳು ಕೂರುವ ಕಡೆ ನಿಜಕ್ಕೂ ನುಣುಪು. ಅಲ್ಲಿ ಬೆರಳಿಟ್ಟಾಗ ಏನೋ ಒಂಥರಾ ಆಯಿತು.

ಇನ್ನೊಂದು ವಿಷಯ. ಒಂದು ಕುರ್ಚಿಯ ಹಿಂದಿನ ಪಟ್ಟಿಯ ಒಳಬದಿಯಲ್ಲಿ ಉಳಿಯಲ್ಲಿ ಹೊಡೆದ ಎರಡು ಗೆರೆ. ಇನ್ನೊಂದರಲ್ಲಿ V ತರಹ ಒಂದು ಗುರುತು. ಆ ಎರಡನೆಯದರಲ್ಲಿ, ಮೂಲೆಗೆ ಆಸರೆಯಾಗಿ ಕೂರಿಸಿದ ಮರದ ತುಂಡಿನ ಹತ್ತಿರ, ಎರಡು ಸಣ್ಣ ಅಕ್ಷರ ಒತ್ತಿದ್ದಾರೆ. ಒಂದು W. ಇನ್ನೊಂದು B ಇರಬಹುದು, R ಇರಬಹುದು. ಇದು ಕಂಪನಿಯ ಮುದ್ರೆಯಾ?

ಹಳೇಸಾಮಾನು_ಮೈಸೂರು

ಅಲ್ಲ ಸಾರ್, ಅದಕ್ಕಿಂತ ಒಳ್ಳೆಯದು! ಗಿಲ್ಲೋ ಕಂಪನಿ 18ನೇ ಶತಮಾನದ ಕೊನೆಗೆ ‘ಗಿಲ್ಲೋಸ್ ಲ್ಯಾಂಕಾಸ್ಟರ್’ ಅಂತ ಪೂರ್ತಿ ಹೆಸರು ಒತ್ತಲು ಶುರು ಮಾಡಿತು. ಎಲ್ಲದಕ್ಕೂ ಒತ್ತುತ್ತಿರಲಿಲ್ಲ. ಆದ್ದರಿಂದ ಮುದ್ರೆ ಇಲ್ಲದ ಮಾತ್ರಕ್ಕೆ ಗಿಲ್ಲೋ ಅಲ್ಲ ಅಂತಲೂ ಇಲ್ಲ. ಆದರೆ ಎರಡೇ ಅಕ್ಷರ ಅಂದರೆ ಬಹುಮಟ್ಟಿಗೆ ಕೂಲಿಗೆ ಕೆಲಸ ಮಾಡಿದ ಬಡಗಿಯ ಹೆಸರಿನ ಮೊದಲಕ್ಷರಗಳು. ಗೆರೆಗಳು ಕುರ್ಚಿಯ ಸಂಖ್ಯೆ. ರೋಮನ್ ಲೆಕ್ಕದಲ್ಲಿ ನಿಮ್ಮವು ಎರಡನೆಯದು ಮತ್ತು ಐದನೆಯದು. ಸಾಲಾಗಿ ಇಡಲು ಮಾಡಿದ್ದರಿಂದ ಒಂದೇ ಗುಂಪಿನಲ್ಲಿ ನಾಲ್ಕು, ಆರು, ಎಂಟು ಇರುತ್ತಿದ್ದವು. ನಿಮ್ಮ ಗುಂಪಿನಲ್ಲಿ ಕನಿಷ್ಠ ಐದು ಇದ್ದವು ಅಂತಾಯಿತು.

ನೀವು ಲ್ಯಾಂಕಾಸ್ಟರ್‌ನಲ್ಲೇ ಇರುವುದು ದೊಡ್ಡ ಅದೃಷ್ಟ. ರಾಬರ್ಟ್ ಗಿಲ್ಲೋ ಅಲ್ಲಿ ಸುಮಾರು 1730ರಲ್ಲಿ ಶುರು ಮಾಡಿದ ಕೆಲಸ ಇದು. ಅವರ ಮಗ ರಿಚರ್ಡ್ 1764ರಲ್ಲಿ ಆ ಊರಿನ ಸುಂಕದ ಕಟ್ಟಡಕ್ಕೆ ನಕ್ಷೆ ಮಾಡಿದರು. ಜಡ್ಜಸ್ ಲಾಡ್ಜಿಂಗ್ಸ್ ಮ್ಯೂಸಿಯಂನಲ್ಲಿ ಗಿಲ್ಲೋ ಸಾಮಾನುಗಳಿವೆ, ಹೋಗಿ ನೋಡಿ. ಈ ಕಂಪನಿಯ ದೊಡ್ಡತನ ನನ್ನ ಲೆಕ್ಕದಲ್ಲಿ ಸಾಮಾನಿಗಿಂತ ಅವರ ಕಡತಗಳಲ್ಲಿದೆ. ಯಾವ ಸಾಮಾನು ಮಾಡಬೇಕೋ ಅದರ ಸಣ್ಣ ಚಿತ್ರ, ಎಷ್ಟು ಮರ, ಎಷ್ಟು ಅಂಟು, ಎಷ್ಟು ಕೂಲಿ ಅಂತ ಅಂದಾಜು ಪುಸ್ತಕಗಳಲ್ಲಿ ಬರೆದಿಟ್ಟರು. ಎಷ್ಟೋ ಕಡೆ ಕೆಲಸ ಮಾಡಿದವನ ಹೆಸರೂ ಇದೆ. ಈಗ ಅವು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ನಗರದ ದಾಖಲೆ ಸಂಗ್ರಹದಲ್ಲಿವೆ. ಚಿಪ್ಪಿನ ಬೆನ್ನಿನ ಹಾಲ್ ಕುರ್ಚಿಯ ಚಿತ್ರ, W ಇಂದ ಶುರುವಾಗುವ ಹೆಸರು, ಹಕ್ಕಿಯ ಲಾಂಛನದ ಮನೆತನ. ಈ ಮೂರರಲ್ಲಿ ಎರಡು ಒಂದೇ ಪುಟದಲ್ಲಿ ಸಿಕ್ಕಿದರೆ ಸಾಕು.

ಒಂದು ಮಾತು ಮರೆಯಬೇಡಿ. ಒಬ್ಬನ ಹೆಸರು ಸಿಕ್ಕಿದರೂ ಒಬ್ಬನೇ ಮಾಡಿದ್ದಲ್ಲ. ಕಟ್ಟಿದವನು ಬೇರೆ, ತಗ್ಗು ಕಡೆದವನು ಬೇರೆ, ಚಿಪ್ಪು ಕೆತ್ತಿದವನು ಬೇರೆ. ಲಾಂಛನ ಬರೆಯಲು ಅದನ್ನೇ ಕಸುಬು ಮಾಡಿಕೊಂಡ ಚಿತ್ರಗಾರ ಇರುತ್ತಿದ್ದ.

ಬರ್ನ್_ಕನ್ನಡತಿ

ಹೆಸರಿನ ವಿಷಯ ಬಂದದ್ದಕ್ಕೆ ನನ್ನದೂ ಒಂದು. ನಾನು ಸ್ವಿಟ್ಜರ್‌ಲ್ಯಾಂಡಿನಲ್ಲಿದ್ದೇನೆ. ಎದ್ದು ನಿಂತ ಕರಡಿಗಳು ಹಲಗೆ ಹೊತ್ತ ಬೆಂಚು, ಕರಡಿ ಮರಿ ಹತ್ತುತ್ತಿರುವ ಕೋಟು ನೇತುಹಾಕುವ ಮರ, ಇವನ್ನು ನೀವು ನೋಡಿರಬಹುದು. ಇವೂ ಹಾಲ್‌ನಲ್ಲಿ ಇಡುವ ಸಾಮಾನೇ. ಜಗತ್ತಿನ ಎಲ್ಲಾ ಹರಾಜಿನಲ್ಲೂ ಇವನ್ನು ‘ಬ್ಲ್ಯಾಕ್ ಫಾರೆಸ್ಟ್’ ಕೆತ್ತನೆ ಅನ್ನುತ್ತಾರೆ. ಅಂದರೆ ಜರ್ಮನಿಯ ಕಾಡು ಪ್ರದೇಶದ್ದು ಅಂತ. ಅದು ತಪ್ಪು. ಇವು ಹೆಚ್ಚಾಗಿ ಇಲ್ಲಿನ ಬ್ರಿಯೆನ್ಸ್ ಊರಿನವು.

19ನೇ ಶತಮಾನದ ಆರಂಭದ ಬರಗಾಲದ ದಿನಗಳಲ್ಲಿ ಕ್ರಿಸ್ಟಿಯಾನ್ ಫಿಶರ್ ಅನ್ನುವ ಕಡಸಲು ಕೆಲಸದವರು ಕೆತ್ತಿದ ಸಾಮಾನುಗಳನ್ನು ಪ್ರವಾಸಿಗರಿಗೆ ಮಾರಲು ಶುರು ಮಾಡಿದರು. ಬೇರೆಯವರಿಗೂ ಕಲಿಸಿದರು. ನೋಡನೋಡುತ್ತಾ ಕೆರೆಯ ದಡದ ಇಡೀ ಊರು ಉಳಿ ಹಿಡಿಯಿತು. 1851ರ ಲಂಡನ್ ಮಹಾ ಪ್ರದರ್ಶನಕ್ಕೂ ಸ್ವಿಸ್ ಕೆತ್ತನೆ ಹೋಗಿತ್ತು. 1884ರಲ್ಲಿ ಬ್ರಿಯೆನ್ಸ್‌ನಲ್ಲಿ ಕೆತ್ತನೆ ಶಾಲೆ ಆಯಿತು, ಇವತ್ತಿಗೂ ನಡೆಯುತ್ತಿದೆ. ಕರಡಿಗಳಿಗೆ ಹೆಚ್ಚಾಗಿ ಲಿಂಡೆನ್ ಮರ, ಮೆತ್ತಗಿನ ಮರ ಅದು. ಕರಡಿಯ ಕೂದಲು ಹೇಗೆ ಬಿದ್ದಿದೆ ನೋಡಿ. ಒಂದೊಂದು ಮನೆಯ ಉಳಿಯ ಓಟ ಒಂದೊಂದು ಥರ ಅಂತ ಇಲ್ಲಿನವರು ಗುರುತಿಸುತ್ತಾರೆ. ಇಷ್ಟೆಲ್ಲಾ ಮಾಡಿದ ಊರಿನ ಹೆಸರೇ ತಪ್ಪಾಗಿ ಉಳಿದಿರುವುದು ನನಗೆ ನಿಜವಾಗಿ ಬೇಜಾರು. ದಯವಿಟ್ಟು ಬ್ರಿಯೆನ್ಸ್ ಅನ್ನಿ.

ಬೀಟೆಮರ

ನಾನು ಸ್ವಲ್ಪ ಬೇರೆ ಮಾತಾಡುತ್ತೇನೆ. ಮರ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಲ್ಯಾಂಕಾಸ್ಟರ್‌ನಲ್ಲಿ ಮಹಾಗನಿ ಬೆಳೆಯುವುದಿಲ್ಲ. 1721ರಲ್ಲಿ ಬ್ರಿಟನ್ ತನ್ನ ವಸಾಹತುಗಳಿಂದ ಬರುವ ಮರಕ್ಕೆ ಸುಂಕ ತೆಗೆದುಹಾಕಿತು. ಆಮೇಲೆ ಜಮೈಕಾದಿಂದ, ಮುಂದೆ ಹೊಂಡುರಾಸ್ ಕರಾವಳಿಯಿಂದ ಹಡಗು ಹಡಗು ಮಹಾಗನಿ ಬಂತು. ಅದನ್ನು ಕಡಿದವರು, ನದಿಗೆ ಎಳೆದು ತಂದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಲ್ಯಾಂಕಾಸ್ಟರ್ ಸ್ವತಃ ಗುಲಾಮರ ವ್ಯಾಪಾರದ ಬಂದರು. ಕುರ್ಚಿ ಮಾಡಿದವರು ಯಾರು ಅಂತ ಕೇಳುವಾಗ ಅವರನ್ನೂ ಸೇರಿಸಬೇಕು ಅನ್ನುವುದು ನನ್ನ ಅನಿಸಿಕೆ. ಅವರ ಮೊದಲಕ್ಷರ ಎಲ್ಲೂ ಒತ್ತಿಲ್ಲ.

ನಮ್ಮ ಕಡೆಯ ಕೊಂಡಿಯೂ ಒಂದಿದೆ. 19ನೇ ಶತಮಾನದಲ್ಲಿ ಮುಂಬೈಯಲ್ಲಿ ಕಪ್ಪು ಮರದ ಕುರ್ಚಿ, ಸೋಫಾಗಳನ್ನು ಬಳ್ಳಿ, ಎಲೆ, ಪ್ರಾಣಿಗಳ ಕೆತ್ತನೆ ತುಂಬಿಸಿ ಮಾಡುತ್ತಿದ್ದರು. ‘ಬಾಂಬೆ ಬ್ಲ್ಯಾಕ್‌ವುಡ್’ ಅಂತ ಅದರ ಹೆಸರು. ಆ ಮರ ಬೀಟೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಮರ ಅದು. ಕೆತ್ತಿದವರ ಹೆಸರು ಆ ಕುರ್ಚಿಗಳಲ್ಲಿ ಸಿಗುವುದು ತೀರಾ ಅಪರೂಪ.

ಲ್ಯಾಂಕಾಸ್ಟರ್‌ವಾಸಿ

ಬೀಟೆಮರ ಅವರೇ, ನೀವು ಹೇಳಿದ್ದು ಸರಿ. ಇಲ್ಲಿ ನದಿ ದಡದಲ್ಲಿ ಗುಲಾಮರ ವ್ಯಾಪಾರದ ನೆನಪಿಗೆ ಒಂದು ಸ್ಮಾರಕ ಇದೆ. ದಿನಾ ಅದರ ಹತ್ತಿರವೇ ಓಡಾಡುತ್ತೇನೆ. ಕುರ್ಚಿಗೂ ಅದಕ್ಕೂ ಸಂಬಂಧ ಇದೆ ಅಂತ ಇವತ್ತಿನ ತನಕ ಯೋಚಿಸಿರಲಿಲ್ಲ.

ಬಸವನಗುಡಿ_ಹಳೇಮನೆ

ಲಾಂಛನದ ಬಣ್ಣ ಮಾಸಿದೆ ಅಂದಿರಲ್ಲ, ದಯವಿಟ್ಟು ಅದನ್ನು ಮುಟ್ಟಬೇಡಿ. ಒಬ್ಬ ಇಂಗ್ಲಿಷ್ ಅಧಿಕಾರಿ ಊರು ಬಿಡುವಾಗ ಅವರಿಂದ ನಮ್ಮ ತಾತ ಕೊಂಡ ಓಕ್ ಮರದ ಹಾಲ್ ಕುರ್ಚಿ ನಮ್ಮಲ್ಲಿತ್ತು. ಬೆನ್ನಿನ ಮೇಲೆ ಕೆಂಪು, ಚಿನ್ನದ ಬಣ್ಣದಲ್ಲಿ ಗುರಾಣಿ ಬರೆದಿತ್ತು. ಪಾಲಿಶ್ ಹಾಕಿಸೋಣ ಅಂತ ಒಂದು ಅಂಗಡಿಗೆ ಕೊಟ್ಟೆವು. ಅವರು ಪೂರ್ತಿ ಕೆರೆದು, ಮೆಷಿನ್‌ನಲ್ಲಿ ಉಜ್ಜಿ, ಹೊಳೆಯುವ ಹಾಗೆ ಮಾಡಿ ಕೊಟ್ಟರು. ಗುರಾಣಿ ಹೋಯಿತು. ಕೆತ್ತನೆಯ ಅಂಚುಗಳೂ ಸೋಪಿನ ಹಾಗೆ ಕರಗಿದ್ದವು. ಅಮ್ಮ ಎರಡು ದಿನ ಮಾತಾಡಲಿಲ್ಲ. ಯಾವ ಮನೆತನದ್ದು ಅಂತ ಹುಡುಕುವ ಕೊನೆಯ ದಾರಿ ಅದೇ ಆಗಿತ್ತು.

ಶಿರಸಿ_ಉಳಿ

ಓದಿ ಹೊಟ್ಟೆ ಉರಿಯಿತು. ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆಯಿರಿ. ವರ್ಷಕ್ಕೆ ಒಂದು ಸಲ ಜೇನುಮೇಣ, ಬಹಳ ತೆಳ್ಳಗೆ, ಬಣ್ಣ ಇರುವ ಜಾಗ ಬಿಟ್ಟು. ಅಷ್ಟು ಸಾಕು. ನಿಮ್ಮ ಕಡೆ ಚಳಿಗೆ ಮನೆ ಬಿಸಿ ಮಾಡುತ್ತೀರಲ್ಲ, ಆ ಹೀಟರ್ ಪಕ್ಕ ಮಾತ್ರ ಇಡಬೇಡಿ. ಹಲಗೆ ಸೀಳುತ್ತದೆ. ಕೀಲು ಅಲ್ಲಾಡಿದರೆ ಮೊಳೆ ಹೊಡೆಯಬೇಡಿ, ಈಗಿನ ಅಂಟೂ ಬೇಡ. ಹಳೆಯವರು ಹಾಕಿದ ಸರೇಸು, ಅಂದರೆ ಚರ್ಮ ಮೂಳೆ ಬೇಯಿಸಿ ಮಾಡಿದ ಅಂಟು, ಬಿಸಿನೀರಿಗೆ ಬಿಡುತ್ತದೆ. ಹಾಗಾಗಿ ಬಿಚ್ಚಿ ಮತ್ತೆ ಕೂಡಿಸಬಹುದು.

ಮೇಲಿನ ಮಿರುಗು ಫ್ರೆಂಚ್ ಪಾಲಿಶ್ ಆಗಿದ್ದರೆ ಅದರಲ್ಲಿರುವ ಅರಗು ಬಹುಶಃ ನಮ್ಮ ದೇಶದಿಂದ ಹೋದದ್ದು. ಆ ಕಾಲದಲ್ಲಿ ಅವರಿಗೆ ಅರಗು ಹೋಗುತ್ತಿದ್ದದ್ದು ಹೆಚ್ಚಾಗಿ ಇಲ್ಲಿಂದಲೇ.

ಕಾಲೇಜು_ಹುಡುಗ

ಒಂದು ಸಣ್ಣ ಸಂಶಯ ಸಾರ್. ಕೆತ್ತನೆ ಜಾಸ್ತಿ ಇದ್ದಷ್ಟೂ ಹಳೆಯದಾ? ಇಲ್ಲೊಬ್ಬರ ಹತ್ತಿರ ಸಿಂಹದ ಮುಖ, ರಾಕ್ಷಸನ ಮುಖ ಎಲ್ಲಾ ತುಂಬಿದ ಓಕ್ ಕುರ್ಚಿ ಇದೆ. 1600ರದ್ದು ಅನ್ನುತ್ತಾರೆ.

ಹಳೇಸಾಮಾನು_ಮೈಸೂರು

ಅನೇಕ ಸಲ ಉಲ್ಟಾ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತರಿಗೆ ಹಳೆಯ ಕಾಲದ ಕೋಟೆ ಮನೆಯ ಹುಚ್ಚು ಹಿಡಿದಿತ್ತು. ಲಂಡನ್ನಿನ ವಾರ್ಡೋರ್ ಬೀದಿಯ ವ್ಯಾಪಾರಿಗಳು ಹಳೆಯ ಚರ್ಚುಗಳ, ಮನೆಗಳ ಕೆತ್ತಿದ ಹಲಗೆಗಳನ್ನು ತಂದು, ಹೊಸ ಮರ ಸೇರಿಸಿ ‘ಪುರಾತನ’ ಕುರ್ಚಿ ಮಾಡಿ ಮಾರಿದರು. ಬೆನ್ನಿನ ಹಲಗೆ 1600ರದ್ದೇ ಇರಬಹುದು, ಕುರ್ಚಿ 1850ರದ್ದು. ಇನ್ನೂ ಒಂದಿದೆ. 1845ರಲ್ಲಿ ಥಾಮಸ್ ಬ್ರೌನ್ ಜೋರ್ಡನ್ ಮರ ಕೆತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಲಂಡನ್ನಿನ ಸಂಸತ್ ಭವನದ ಕೆತ್ತನೆಗೂ ಅದನ್ನು ಬಳಸಿದರು. ಯಂತ್ರ ಒರಟಾಗಿ ತೆಗೆದುಕೊಡುತ್ತಿತ್ತು, ಕೊನೆಯ ಕೈ ಮನುಷ್ಯನದೇ. ಆದ್ದರಿಂದ ಎರಡು ಸಿಂಹದ ಮುಖ ಅಕ್ಕಪಕ್ಕ ಇಟ್ಟು ನೋಡು ಮಗು. ಕೈಯಲ್ಲಿ ಕೆತ್ತಿದವು ಅಣ್ಣ ತಮ್ಮಂದಿರ ಹಾಗೆ ಇರುತ್ತವೆ. ಒಂದೇ ಆಗಿರುವುದಿಲ್ಲ.

ಲ್ಯಾಂಕಾಸ್ಟರ್‌ವಾಸಿ

ಎಲ್ಲರಿಗೂ ಹೊಸ ಸುದ್ದಿ. ಶನಿವಾರ ಜಡ್ಜಸ್ ಲಾಡ್ಜಿಂಗ್ಸ್‌ಗೆ ಹೋಗಿದ್ದೆ. ಅಲ್ಲಿನ ಸಾಮಾನುಗಳನ್ನು ನೋಡಿದ ಮೇಲೆ ನನ್ನ ಕುರ್ಚಿ ಗಿಲ್ಲೋ ಅಂತಲೂ ಹೇಳಲಾರೆ, ಅಲ್ಲ ಅಂತಲೂ ಹೇಳಲಾರೆ. ಅಂದಾಜು ಪುಸ್ತಕ ನೋಡಲು ಮುಂದಿನ ತಿಂಗಳು ಲಂಡನ್ನಿಗೆ ಹೋಗುತ್ತೇನೆ, ರಜೆ ಹಾಕಿದ್ದೇನೆ. ಎರಡನೇ ಅಕ್ಷರ B ಅಂತ ಈಗ ಖಚಿತವಾಯಿತು. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದಾಗ ಸ್ಪಷ್ಟವಾಗಿ ಬಂತು.

ಶಿರಸಿ ಅಣ್ಣ, ನಿಮ್ಮ ಅಜ್ಜ ಕೆಲಸದ ಮೇಲೆ ಹೆಸರು ಹಾಕುತ್ತಿದ್ದರಾ?

ಶಿರಸಿ_ಉಳಿ

ಇಲ್ಲ. ಅವರು ಮಾಡಿದ ಒಂದು ಗಂಧದ ಪೆಟ್ಟಿಗೆ ನಮ್ಮಲ್ಲಿದೆ. ಮುಚ್ಚಳದ ಒಳಗೆ, ಬಳ್ಳಿಯ ಕೊನೆಯಲ್ಲಿ, ಒಂದೇ ಒಂದು ಎಲೆಯನ್ನು ಹಿಂದುಮುಂದಾಗಿ ಕೆತ್ತುತ್ತಿದ್ದರು. ಎಲ್ಲಾ ಪೆಟ್ಟಿಗೆಯಲ್ಲೂ. ಅಪ್ಪ ಹೇಳಿದ ಮೇಲೆ ನನಗೆ ಗೊತ್ತಾದದ್ದು. ಎಲ್ಲಿ ಗಂಧದ ಪೆಟ್ಟಿಗೆ ಕಂಡರೂ ಮುಚ್ಚಳ ತೆಗೆದು ಆ ಎಲೆ ಹುಡುಕುತ್ತೇನೆ. ಇನ್ನೊಂದು ಸಿಕ್ಕಿಲ್ಲ.

ಜಗಲಿ_ಮೇಲೆ

ಅಣ್ಣ, ನಾನು ಇಲ್ಲಿ ಕೂತೇ ಇಂಗ್ಲೆಂಡಿನ ಹರಾಜುಗಳ ಪಟ್ಟಿ ನೋಡಲು ಶುರು ಮಾಡಿದ್ದೇನೆ. ಚಿಪ್ಪಿನ ಬೆನ್ನು, ಎಡಕ್ಕೆ ನೋಡುವ ಹಕ್ಕಿಯ ತಲೆ, ತಳದಲ್ಲಿ ಒಂದು, ಮೂರು ಅಥವಾ ನಾಲ್ಕು ಗೆರೆ. ಕಂಡ ಕೂಡಲೇ ತಿಳಿಸುತ್ತೇನೆ.